ಕೋಸಬಾಡ ಗುಡ್ಡದ ಅನುತಾಯಿ

ಮಗುವನ್ನು ಅಂಗನವಾಡಿಗೆ ಬಿಟ್ಟು ಕೂಲಿಗೆ ಹೋಗುವ ತಾಯಂದಿರು ನಮ್ಮ ಯಾವ ಊರಿನಲ್ಲಿಲ್ಲ? ಆದರೆ ಅಂಗನವಾಡಿ ಎಂದರೆ ಸರ್ಕಾರದ ಇನ್ನೊಂದು ಯೋಜನೆ ಎಂದಷ್ಟೇ ಬಲ್ಲವರು ಹೆಚ್ಚು. ಅದು ಹುಟ್ಟಿದ್ದು ಮಹಾರಾಷ್ಟ್ರದ ಕಡಲಂಚಿನ ಒಂದು ಹಳ್ಳಿಯಲ್ಲಿ, ಇಬ್ಬರು ಹೆಣ್ಣುಮಕ್ಕಳ ಕೈಯಲ್ಲಿ. ಅವರಲ್ಲಿ ಕಿರಿಯರಾದ ಅನುತಾಯಿ ವಾಘ್ ಅವರ ಬದುಕೇ ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು.

ಅನುತಾಯಿ ಹುಟ್ಟಿದ್ದು 1910ರಲ್ಲಿ. ಬಾಲ್ಯದಲ್ಲೇ ಮದುವೆ, ಕೆಲವೇ ತಿಂಗಳಲ್ಲಿ ವೈಧವ್ಯ. ಅಂಥ ಹುಡುಗಿಗೆ ಆಗ ಹಿತ್ತಿಲ ಮನೆಯೇ ಪ್ರಪಂಚ. ಅನುತಾಯಿ ಛಲ ಹಿಡಿದು ಓದಿದರು, ಶಿಕ್ಷಕಿಯಾದರು, ಪುಣೆಯ ಹುಜೂರ್‌ಪಾಗಾ ಶಾಲೆಯಲ್ಲಿ ಕಲಿಸಿದರು. 1945ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ, ತಾರಾಬಾಯಿ ಮೋಡಕ್ ಅವರ ಜೊತೆ ದುಡಿಯಲೆಂದು ಡಹಾಣು ಸೀಮೆಯ ಬೊರ್ಡಿಗೆ ಬಂದರು. ಆಮೇಲೆ ಉಳಿದ ಆಯುಷ್ಯವೆಲ್ಲ ಆ ನೆಲಕ್ಕೇ ಸಂದಿತು.

ತಾರಾಬಾಯಿ ಆ ಹೊತ್ತಿಗಾಗಲೇ ಹೆಸರಾಂತ ಶಿಕ್ಷಣತಜ್ಞೆ. ಗುಜರಾತಿನ ಭಾವನಗರದಲ್ಲಿ, ವಕೀಲಿ ಬಿಟ್ಟು 1920ರಲ್ಲಿ ಬಾಲಮಂದಿರ ಕಟ್ಟಿದ ಗಿಜುಭಾಯಿ ಬಧೇಕಾ ಅವರ ಜೊತೆ ಪಳಗಿದವರು. ಮುಂಬಯಿಯ ದಾದರ್‌ನಲ್ಲಿ ಶಿಶುವಿಹಾರ ನಡೆಸಿದವರು. ಮಾಂಟೆಸರಿ ಪದ್ಧತಿ ಪೇಟೆಯ ಉಳ್ಳವರ ಮಕ್ಕಳಿಗಷ್ಟೇ ದಕ್ಕುತ್ತಿದೆ ಎಂಬ ಕೊರಗು ಅವರನ್ನು ಹಳ್ಳಿಗೆ ಹೊರಡಿಸಿತು.

ಬೊರ್ಡಿಯಲ್ಲಿ ಬಾಲವಾಡಿ ತೆರೆದರೆ ದಲಿತ ಕೇರಿಯ ಮಕ್ಕಳು ಅತ್ತ ಸುಳಿಯಲಿಲ್ಲ. ಹೇಗೆ ಬಂದಾರು? ಅಪ್ಪ ಅಮ್ಮ ಬೆಳಗಾಗುವ ಮೊದಲೇ ದುಡಿಮೆಗೆ ಹೊರಡುವವರು. ಏಳೆಂಟು ವರ್ಷದ ಅಕ್ಕ ಕಂಕುಳಲ್ಲಿ ತಮ್ಮನನ್ನು ಹೊತ್ತು ಮನೆ ಕಾಯುವವಳು. ಮೇಲುಕೇರಿಯ ಕಟ್ಟಡದ ಮೆಟ್ಟಿಲು ಹತ್ತಲು ಅಳುಕು ಬೇರೆ. ಬಾಗಿಲು ತೆರೆದಿಟ್ಟಿದ್ದೇವೆ, ಬಾರದಿದ್ದರೆ ಅವರ ಹಣೆಬರಹ ಎನ್ನಬಹುದಿತ್ತು. ಈ ಇಬ್ಬರು ಶಾಲೆಯನ್ನೇ ಎತ್ತಿಕೊಂಡು ಕೇರಿಯ ಅಂಗಳಕ್ಕೆ ಹೋದರು. ಅದೇ ಮೊದಲ ಅಂಗನವಾಡಿ.

ಅಲ್ಲಿ ಪಾಠ ಶುರುವಾಗುತ್ತಿದ್ದುದು ಸ್ನಾನದಿಂದ. ಮಕ್ಕಳನ್ನು ಮೀಯಿಸಿ, ಉಗುರು ತೆಗೆದು, ತಲೆ ಬಾಚುವುದು. ಇದನ್ನೆಲ್ಲ ತಾಯಂದಿರ ಕಣ್ಣೆದುರೇ ಮಾಡುತ್ತಿದ್ದುದರಿಂದ ಅವರಿಗೂ ಅದೊಂದು ಕಲಿಕೆ. ಮುಟ್ಟಬಾರದವರೆಂದು ಊರು ದೂರವಿಟ್ಟಿದ್ದ ಮಕ್ಕಳ ಮೈ ತಿಕ್ಕಿ ತೊಳೆದ ಕೈಗಳವು. ಸ್ವಾತಂತ್ರ್ಯದ ಆಸುಪಾಸಿನ ದಿನಗಳಲ್ಲಿ ಅದೆಷ್ಟು ದೊಡ್ಡ ಕೆಲಸವಾಗಿತ್ತೆಂದು ಇವತ್ತು ಊಹಿಸುವುದೂ ಕಷ್ಟ. ಆಮೇಲೆ ಆಟ. ಮಾಂಟೆಸರಿಯ ದುಬಾರಿ ಮರದ ಸಲಕರಣೆಗಳನ್ನು ತರಲು ದುಡ್ಡೆಲ್ಲಿಂದ? ಸಮುದ್ರದಂಡೆಯ ಚಿಪ್ಪು, ಬೆಣಚುಕಲ್ಲು, ಬೀಜ, ಎಲೆ, ಹೂವುಗಳೇ ಪಾಠದ ಸಾಮಾನಾದವು. ದೊಡ್ಡದು ಚಿಕ್ಕದು, ನುಣುಪು ಒರಟು, ಎಣಿಕೆ, ಬಣ್ಣ ಎಲ್ಲವೂ ಅದರಲ್ಲೇ ಬಂತು.

1957ರ ಸುಮಾರಿಗೆ ಅವರು ಹತ್ತಿರದ ಕೋಸಬಾಡ ಗುಡ್ಡಕ್ಕೆ, ವಾರ್ಲಿ ಆದಿವಾಸಿಗಳ ನಡುವೆ ಬಂದರು. ಅಲ್ಲಿನ ಹುಡುಗರು ದನ ಕಾಯುವವರು. ಅವರಿಗಾಗಿ ಹುಲ್ಲುಗಾವಲಿನಲ್ಲೇ ‘ಕುರಣಶಾಲೆ’ ನಡೆಯಿತು. ಕೂಸುಗಳಿಗೆ ಪಾಳಣಾಘರ, ಎಳೆಯರಿಗೆ ಬಾಲವಾಡಿ, ದೊಡ್ಡವರಿಗೆ ಪ್ರಾಥಮಿಕ ಶಾಲೆ, ಮೂರನ್ನೂ ಒಂದೇ ಆವರಣಕ್ಕೆ ತಂದು ‘ವಿಕಾಸವಾಡಿ’ ಕಟ್ಟಿದರು. ತಮ್ಮನನ್ನು ಪಾಳಣಾಘರದಲ್ಲಿ ಬಿಟ್ಟ ಅಕ್ಕ ನಿಶ್ಚಿಂತೆಯಿಂದ ಪಕ್ಕದ ತರಗತಿಗೆ ಹೋಗಬಹುದಿತ್ತು. ಹೆಣ್ಣುಮಗು ಶಾಲೆ ಬಿಡುವುದೇಕೆಂದು ತಿಳಿದವರು ಮಾತ್ರ ಮಾಡಬಲ್ಲ ಏರ್ಪಾಡು ಇದು. 1973ರಲ್ಲಿ ತಾರಾಬಾಯಿ ತೀರಿಕೊಂಡ ಮೇಲೆ ಅನುತಾಯಿ ಎಲ್ಲ ಹೊಣೆ ಹೊತ್ತು, 1992ರಲ್ಲಿ ತಾವು ಕಣ್ಣುಮುಚ್ಚುವವರೆಗೂ ದುಡಿದರು.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಅಂಗನವಾಡಿಗಳ ಮೂಲಕವೇ ನಡೆಯುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಆರಂಭಿಸಿತು. ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ, ಅಲ್ಲಿ 100 ಅಂಗನವಾಡಿಗಳು. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚಿವೆ.

ಬೆಳೆದದ್ದು ಸಂತೋಷ. ಆದರೆ ಮಗುವಿನ ಜೊತೆ ಕೂತು ಆಡುವ ಹೊತ್ತು ಮಾತ್ರ ಕರಗುತ್ತ ಬಂತು. ಪೂರಕ ಆಹಾರ, ಚುಚ್ಚುಮದ್ದು, ತೂಕ, ಗರ್ಭಿಣಿ ಬಾಣಂತಿಯರ ಲೆಕ್ಕ, ಮನೆಭೇಟಿ, ಸಾಲದ್ದಕ್ಕೆ ಸಮೀಕ್ಷೆ ಎಲ್ಲ ಕಾರ್ಯಕರ್ತೆಯ ತಲೆಗೇ. ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಅಂದಂದಿನ ವಿವರ ತುಂಬಿಸದೆ ಬಿಡುವಂತಿಲ್ಲ. ಇಷ್ಟೆಲ್ಲ ಮಾಡಿದವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಗ್ರಾಚ್ಯುಟಿಗೆ ಅವರೂ ಅರ್ಹರೆಂದು ಸುಪ್ರೀಂ ಕೋರ್ಟ್ ಹೇಳಲು 2022 ಬರಬೇಕಾಯಿತು.

ಮೂರರಿಂದ ಆರು ವರ್ಷದ ಮಕ್ಕಳ ಮೇಲೆ ಈಗ ಎಲ್ಲರ ಕಣ್ಣು. 2024ರಲ್ಲಿ ರಾಜ್ಯ ಸರ್ಕಾರ ತನ್ನ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ, ಮಕ್ಕಳೆಲ್ಲ ಅತ್ತ ಹೋದಾರೆಂದು ಅಂಗನವಾಡಿ ನೌಕರರು ಬೀದಿಗಿಳಿದರು. ಬಳಿಕ ಅಂಗನವಾಡಿಗಳಲ್ಲೇ ಎಲ್‌ಕೆಜಿ ಆರಂಭವಾಯಿತು. ಇಂಗ್ಲಿಷ್ ಬೇಕೆನ್ನುವ ಪೋಷಕರನ್ನು ನಾನು ದೂರಲಾರೆ. ಆದರೆ ನಾಲ್ಕು ವರ್ಷದ ಮಗುವಿನ ಕೈಗೆ ಬೀಜ, ಚಿಪ್ಪುಗಳ ಬದಲು ಕಾಪಿ ಪುಸ್ತಕ ಕೊಟ್ಟು ಎಬಿಸಿಡಿ ತಿದ್ದಿಸುವುದೇ ಮುನ್ನಡೆ ಎಂದಾದರೆ, ಕೋಸಬಾಡದಲ್ಲಿ ಕಲಿತದ್ದನ್ನು ಕೈಚೆಲ್ಲಿದಂತೆ. ಎಲ್‌ಕೆಜಿ ಎಂಬ ಹೆಸರಿಗಿಂತ ಮೊದಲು ಬೇಕಾದದ್ದು ಪ್ರತಿ ಅಂಗನವಾಡಿಗೂ ಇನ್ನೊಬ್ಬ ಶಿಕ್ಷಕಿ, ಸರಿಯಾದ ತರಬೇತಿ ಮತ್ತು ಸಂಬಳ.

ಅನುತಾಯಿ ತಮ್ಮ ಅನುಭವವನ್ನು ‘ಕೋಸಬಾಡಚ್ಯಾ ಟೇಕಡೀವರೂನ್’ ಎಂಬ ಮರಾಠಿ ಪುಸ್ತಕದಲ್ಲಿ ಬರೆದಿಟ್ಟರು. ಟಿ. ನರಸೀಪುರದ ಹಳ್ಳಿಗಳಲ್ಲಿ ಮೊದಲ ಬಾರಿಗೆ ಮಕ್ಕಳನ್ನು ಕೂಡಿಸಿಕೊಂಡು ಕೂತ ಟೀಚರಮ್ಮಂದಿರ ನೆನಪನ್ನೂ ಹಾಗೆ ಕನ್ನಡದಲ್ಲಿ ಬರೆದಿಡುವವರು ಬೇಕು. ಸರ್ಕಾರಿ ನೌಕರರಿಗಿರುವ ಪಿಂಚಣಿಯಿಲ್ಲದೆ ಮನೆಗೆ ಮರಳಿದ ಅವರಿಗೀಗ ಎಪ್ಪತ್ತು ದಾಟಿದೆ.