ಕಂಪಿಲಿಯ ಮಕ್ಕಳು ಕಂಡ ದಿಲ್ಲಿ

ಮನಬಂದಂತೆ ಅಧಿಕಾರ ನಡೆಸುವವರನ್ನು ಕಂಡರೆ ನಮ್ಮಲ್ಲಿ ‘ತುಘಲಕ್ ದರ್ಬಾರು’ ಅನ್ನುತ್ತಾರೆ. ಆ ದರ್ಬಾರು ನಡೆದ ಜಾಗ ದಿಲ್ಲಿಯಲ್ಲಿ ಇನ್ನೂ ಇದೆ. ಊರಿಂದ ಬಂದ ನೆಂಟರನ್ನು ನಾವು ಕೆಂಪುಕೋಟೆ, ಕುತುಬ್ ಮಿನಾರ್ ಅಂತ ಸುತ್ತಿಸಿ ಕಳಿಸುತ್ತೇವೆಯೇ ಹೊರತು ಅಲ್ಲಿಗೆ ಕರೆದೊಯ್ಯುವುದಿಲ್ಲ. ಚಳಿಗಾಲದ ಒಂದು ಭಾನುವಾರ, ಮಂಜು ಕರಗಿದ ಮೇಲೆ, ಕಾರು ತೆಗೆದುಕೊಂಡು ಹೊರಟೆ.

ಮೊದಲು ಪುರಾನಾ ಕಿಲಾ. ಅದು ಹುಮಾಯೂನ್, ಶೇರ್ ಶಾಹರ ಕಾಲದ್ದು, ತುಘಲಕನದ್ದಲ್ಲ. ಆದರೂ ಕನ್ನಡಿಗರ ತುಘಲಕ್ ಯಾತ್ರೆ ಅಲ್ಲಿಂದಲೇ ಶುರುವಾಗಬೇಕು. ಗಿರೀಶ ಕಾರ್ನಾಡರು 1964ರಲ್ಲಿ ಪ್ರಕಟಿಸಿದ ‘ತುಘಲಕ್’ ನಾಟಕವನ್ನು ಬಿ.ವಿ. ಕಾರಂತರು ಹಿಂದುಸ್ತಾನಿಗೆ ತಂದರು. 1970ರ ದಶಕದಲ್ಲಿ ಇಬ್ರಾಹಿಂ ಅಲ್ಕಾಜಿ ಅದನ್ನು ಈ ಹಾಳುಗೋಡೆಗಳ ನಡುವೆಯೇ ಆಡಿಸಿದರು. ಸುಲ್ತಾನನಾಗಿ ನಿಂತವರು ಮನೋಹರ್ ಸಿಂಗ್.

ಮಥುರಾ ರಸ್ತೆ ಹಿಡಿದು ಬದರಪುರಕ್ಕೆ ಬಂದು ಬಲಕ್ಕೆ ಹೊರಳಿದರೆ ತುಘಲಕಾಬಾದ್. ಗಿಯಾಸುದ್ದೀನ್ ತುಘಲಕ್ 1321ರಲ್ಲಿ ಕಟ್ಟಲು ತೊಡಗಿದ ಕೋಟೆ. ಗೋಡೆಗಳು ಒಳಕ್ಕೆ ವಾಲಿವೆ, ಬಂಡೆಗಳು ಆನೆಯ ಬೆನ್ನಿನಂತಿವೆ. ಒಳಗೆ ಜಾಲಿ, ನವಿಲು, ಮುಳ್ಳು. ಅವನ ಮಗ, ನಮ್ಮ ಗಾದೆಯ ತುಘಲಕನಾದ ಸುಲ್ತಾನ ಮಹಮ್ಮದ್, ಹೊರಡಿಸಿದ ತಾಮ್ರದ ನಾಣ್ಯಗಳು ಬೆಲೆ ಕಳೆದುಕೊಂಡ ಮೇಲೆ ಇಲ್ಲೇ ಗುಡ್ಡೆಗುಡ್ಡೆಯಾಗಿ ಬಿದ್ದಿದ್ದವೆಂದು ಆ ಕಾಲದ ಚರಿತ್ರಕಾರ ಬರನಿ ಬರೆದಿದ್ದಾನೆ. ರಸ್ತೆಯಾಚೆ ಅಪ್ಪನ ಗೋರಿ. ಆಗ ಅದು ನೀರಿನ ನಡುವೆ ಇತ್ತು, ಈಗ ಕೋಟೆಗೂ ಅದಕ್ಕೂ ನಡುವೆ ಲಾರಿಗಳು ಓಡುತ್ತವೆ. ಅಲ್ಲಿರುವ ಮೂರು ಸಮಾಧಿಗಳಲ್ಲಿ ಒಂದು ಮಹಮ್ಮದನದ್ದೇ ಎಂಬ ನಂಬಿಕೆ ಇದೆ.

ನನ್ನ ಮನಸ್ಸು ಮಾತ್ರ ಮುಂದಿನ ಜಾಗದಲ್ಲಿತ್ತು. ಮೆಹ್ರೋಲಿ ರಸ್ತೆಯಲ್ಲಿ ಪಶ್ಚಿಮಕ್ಕೆ ಬಂದು, ಐಐಟಿಗೆ ಹತ್ತಿರದ ಕಾಲು ಸರಾಯ್ ಕಡೆ ತಿರುಗಿ, ಕಾರು ನಿಲ್ಲಿಸಿ ಓಣಿಯಲ್ಲಿ ನಡೆದರೆ ಬಿಜಯ್ ಮಂಡಲ್. ಎತ್ತರದ ಕಲ್ಲಿನ ಕಟ್ಟೆ, ಅದರ ಮೇಲೆ ಎಂಟು ಮೂಲೆಯ ಮಂಟಪ. ಮಹಮ್ಮದನ ಸಾವಿರ ಕಂಬದ ಅರಮನೆ ಇದ್ದದ್ದು ಇಲ್ಲೇ ಎನ್ನುತ್ತಾರೆ. ಕಂಬಗಳು ಮರದವು, ಬಣ್ಣ ಬಳಿದವು ಎಂದು ಕಣ್ಣಾರೆ ಕಂಡ ಪ್ರವಾಸಿ ಇಬ್ನ್ ಬತೂತ ಹೇಳುತ್ತಾನೆ. ಮರ ಹೋಗಿದೆ, ಕಂಬ ಊರಿದ ಕಲ್ಲುಗಳು ಉಳಿದಿವೆ.

ಇದೇ ಬತೂತನ ಪುಸ್ತಕದಲ್ಲಿ ನಮ್ಮ ತುಂಗಭದ್ರೆಯ ದಡದ ಕಂಪಿಲಿಯೂ ಬರುತ್ತದೆ. ಇಂದಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರದಲ್ಲಿದ್ದ ಬಹಾವುದ್ದೀನ್ ಗುರ್ಶಾಸ್ಪ್ ಸುಲ್ತಾನನ ವಿರುದ್ಧ ತಿರುಗಿಬಿದ್ದು ಕಂಪಿಲಿಯ ಅರಸ ಕಂಪಿಲರಾಯನ ಮೊರೆಹೊಕ್ಕ. ಮರೆಹೊಕ್ಕವನನ್ನು ರಾಯ ಒಪ್ಪಿಸಿಕೊಡಲಿಲ್ಲ. 1327ರ ಸುಮಾರಿಗೆ ದಿಲ್ಲಿಯ ದಂಡು ಬಂತು, ಹೆಂಗಸರು ಬೆಂಕಿಗೆ ಹಾರಿದರು, ರಾಯ ಕಾದಾಡಿ ಮಡಿದ. ರಾಯನ ಮಗ ಕುಮಾರರಾಮನ ಹಾಡು-ಕತೆಗಳಿಂದ ನಮಗೆ ಗೊತ್ತಿರುವುದು ಇಲ್ಲಿಯವರೆಗೆ.

ಬತೂತ ಮುಂದುವರಿಸುತ್ತಾನೆ. ರಾಯನ ಹನ್ನೊಂದು ಗಂಡುಮಕ್ಕಳು ಸೆರೆಸಿಕ್ಕಿ ದಿಲ್ಲಿಗೆ ಬಂದರು, ಮತಾಂತರಗೊಂಡರು, ತಂದೆಯ ನಡತೆಯನ್ನು ಮೆಚ್ಚಿ ಸುಲ್ತಾನ ಅವರನ್ನು ಅಮೀರರನ್ನಾಗಿ ಮಾಡಿದ. ಮೂವರನ್ನು ಬತೂತ ತಾನೇ ನೋಡಿದ. ಒಬ್ಬನೊಂದಿಗೆ ಗೆಳೆತನವೂ ಬೆಳೆಯಿತು. ಸುಲ್ತಾನ ಕುಡಿಯುವ ನೀರಿಗೆ ಮುದ್ರೆ ಒತ್ತುವುದು ಆತನ ಕೆಲಸ.

ಕಟ್ಟೆಯ ಮೇಲೆ ಕುಳಿತು ಎಷ್ಟೋ ಹೊತ್ತು ಅವನನ್ನೇ ನೆನೆದೆ. ಕೆಲಸಕ್ಕೆಂದು ದಿಲ್ಲಿಗೆ ಬಂದ ನಮಗೆ ಹಬ್ಬಕ್ಕೆ ಊರಿಗೆ ಹೋಗಿಬರಲು ಕರ್ನಾಟಕ ಎಕ್ಸ್‌ಪ್ರೆಸ್ ಇದೆ. ಅವನು ತುಂಗಭದ್ರೆಯ ನೀರಲ್ಲಿ ಈಜಿ ಬೆಳೆದವನಿರಬೇಕು. ಅಪ್ಪನನ್ನು ಕೊಂದವನ ನೀರನ್ನು ದಿನವೂ ಕಾಯ್ದ. ಅಣ್ಣತಮ್ಮಂದಿರು ಸೇರಿದಾಗ ದನಿ ತಗ್ಗಿಸಿಯಾದರೂ ತಮ್ಮ ಮಾತಿನಲ್ಲಿ ಮಾತಾಡಿಕೊಂಡಿರಬೇಕು, ಈ ಕಂಬಗಳ ನಡುವೆಯೇ. ಬತೂತ ಅವನನ್ನು ಅಬೂ ಮುಸ್ಲಿಮ್ ಎಂದು ಕರೆಯುತ್ತಾನೆ. ಕಂಪಿಲಿಯಲ್ಲಿ ಅವನ ತಾಯಿ ಕರೆಯುತ್ತಿದ್ದ ಹೆಸರನ್ನು ಬರೆದಿಡಲಿಲ್ಲ.