ಶೈನಿ ಬ್ರೈಟ್ (ಕ್ರಿಸ್ಮಸ್ ಅಲಂಕಾರ)

ಶೈನಿ ಬ್ರೈಟ್ ಎಂಬುದು ಕ್ರಿಸ್ಮಸ್ ಮರಕ್ಕೆ ತೂಗುಹಾಕುವ ಗಾಜಿನ ಗೋಳಗಳ ಅಮೆರಿಕನ್ ಬ್ರ್ಯಾಂಡ್. ಹಳೆಯ ವಸ್ತುಗಳಿಂದ ಮನೆಯನ್ನು ಸಿಂಗರಿಸುವವರು ಅಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಇವನ್ನು ವಿಶೇಷವಾಗಿ ಅರಸುತ್ತಾರೆ.

ಅಮೆರಿಕಕ್ಕೆ ಇಂತಹ ಗೋಳಗಳು ಮೊದಲು ಬಹುಪಾಲು ಜರ್ಮನಿಯಿಂದ ಬರುತ್ತಿದ್ದವು. ಅಲ್ಲಿನ ಲೌಶಾ ಪಟ್ಟಣದ ಕುಶಲಕರ್ಮಿಗಳು ಅವನ್ನು ಬಾಯಿಯಿಂದ ಊದಿ ತಯಾರಿಸುತ್ತಿದ್ದರು. ಯುದ್ಧದಿಂದ ಆಮದು ನಿಲ್ಲಬಹುದೆಂದು ಊಹಿಸಿದ ಆಮದುದಾರ ಮ್ಯಾಕ್ಸ್ ಎಕಾರ್ಟ್ 1937ರಲ್ಲಿ ಶೈನಿ ಬ್ರೈಟ್ ಸಂಸ್ಥೆಯನ್ನು ಸ್ಥಾಪಿಸಿದರು. ವಿದ್ಯುತ್ ಬಲ್ಬುಗಳಿಗೆ ಗಾಜಿನ ಬುರುಡೆಗಳನ್ನು ತಯಾರಿಸುತ್ತಿದ್ದ ಕಾರ್ನಿಂಗ್ ಕಂಪನಿಯ ಯಂತ್ರದಲ್ಲಿಯೇ 1939ರಿಂದ ಗೋಳಗಳೂ ತಯಾರಾಗತೊಡಗಿದವು.

ಸಂಗ್ರಾಹಕರಿಗೆ ಅತ್ಯಂತ ಕುತೂಹಲಕರವಾದವು ಎರಡನೆಯ ಮಹಾಯುದ್ಧದ ಕಾಲದ ಗೋಳಗಳು. ಲೋಹದ ಅಭಾವದಿಂದಾಗಿ ಒಳಭಾಗದ ಬೆಳ್ಳಿಲೇಪ ಕೈಬಿಟ್ಟುಹೋಯಿತು; ಪಾರದರ್ಶಕ ಗಾಜಿನ ಮೇಲೆ ತೆಳುವಾದ ಬಣ್ಣದ ಪಟ್ಟೆಗಳಷ್ಟೇ ಉಳಿದವು. ಲೋಹದ ಮುಚ್ಚಳದ ಸ್ಥಾನಕ್ಕೆ ರಟ್ಟಿನ ಮುಚ್ಚಳ ಬಂತು. ಹೊಳಪೇ ಹೆಸರಾಗಿದ್ದ ಸರಕು ಹೊಳಪಿಲ್ಲದೆ ಮಾರಾಟವಾದ ಅವಧಿಯಿದು. ಮುಚ್ಚಳಗಳು ಸುಲಭವಾಗಿ ಕಳಚಿ ಅದಲುಬದಲಾಗುವುದರಿಂದ, ಕಾಲನಿರ್ಣಯಕ್ಕೆ ಮುಚ್ಚಳವೊಂದನ್ನೇ ನೆಚ್ಚದೆ ಗಾಜಿನ ಒಳಲೇಪವನ್ನೂ ಪರೀಕ್ಷಿಸುವುದು ಸೂಕ್ತ.

ಹಳೆಯ ಗೋಳಗಳನ್ನು ತೊಳೆಯುವುದು ಅಪಾಯಕರ. ಹೊರಗಿನ ಬಣ್ಣ ನೀರು ತಾಗಿದರೆ ಕಿತ್ತುಬರಬಹುದು; ಒಳಗೆ ತೇವ ಸೇರಿದರೆ ಬೆಳ್ಳಿಲೇಪ ಕೆಡುತ್ತದೆ. ಆದ್ದರಿಂದ ಮೃದುವಾದ ಒಣ ಕುಂಚದಿಂದ ಧೂಳು ತೆಗೆಯುವುದೇ ಕ್ಷೇಮ. ಇವುಗಳ ಜೊತೆ ದೊರೆಯುವ ಹಳೆಯ ಮಿನುಗು ಎಳೆಗಳಲ್ಲಿ ಸೀಸವಿರುವ ಸಾಧ್ಯತೆಯುಂಟು. ಮಕ್ಕಳಿರುವ ಮನೆಗಳಲ್ಲಿ ಅವನ್ನು ಬಳಸಬಾರದು.

ಮುಂದೆ ಕ್ರಿಸ್ಟೋಫರ್ ರಾಡ್ಕೊ ಸಂಸ್ಥೆಯು ಇದೇ ಹೆಸರಿನಲ್ಲಿ, ಹಳೆಯ ಮಾದರಿಗಳನ್ನು ಅನುಸರಿಸಿ ಹೊಸ ಗೋಳಗಳನ್ನು ಮಾರುಕಟ್ಟೆಗೆ ತಂದಿತು. ಹೀಗಾಗಿ ಪೆಟ್ಟಿಗೆಯ ಮೇಲೆ ಶೈನಿ ಬ್ರೈಟ್ ಎಂದಿದ್ದ ಮಾತ್ರಕ್ಕೆ ಸರಕು ಹಳೆಯದೆನ್ನಲಾಗದು.