ಮನೆ ಕೊಳ್ಳುವವರಿಗೆ ದಲ್ಲಾಳಿ ಬೇಕೆ?

'ದಲ್ಲಾಳಿ' ಎಂಬುದು ಅರಬ್ಬೀ ಮೂಲದ ಶಬ್ದ. ದಾರಿ ತೋರಿಸುವವನು ಎಂದು ಅದರ ಧಾತ್ವರ್ಥ. ನಮ್ಮ ಹಳೆಯ ವ್ಯಾಪಾರದ ಮಾತಿನಲ್ಲಿ ಅವನ ಪ್ರತಿಫಲಕ್ಕೆ 'ತರಗು' ಎಂಬ ಹೆಸರೂ ಉಂಟು. ಈಚೆಗೆ ಆ ಶಬ್ದಕ್ಕೆ ಕೊಂಚ ಕಳಂಕ ಅಂಟಿರುವುದು ನಿಜ. ಅದನ್ನು ಬದಿಗಿಟ್ಟು ಮೂಲಾರ್ಥವನ್ನೇ ಹಿಡಿದು ನೋಡಿದರೆ, ಮನೆ ಕೊಳ್ಳಲು ಹೊರಟ ಗೃಹಸ್ಥನಿಗೆ ಈತ ಬೇಕೆ ಬೇಡವೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಸಿಕ್ಕುತ್ತದೆ. ಅವನು ತೋರಿಸತಕ್ಕವನು, ಪರೀಕ್ಷಿಸತಕ್ಕವನಲ್ಲ.

ತೋರಿಸುವ ಕೆಲಸವನ್ನು ಹಗುರವಾಗಿ ಎಣಿಸಬಾರದು. ವರ್ಗವಾಗಿ ಬಂದ ನೌಕರನಿಗೆ ಮೈಸೂರಿನ ಸರಸ್ವತೀಪುರದಲ್ಲಿ ಯಾವ ಮನೆ ಮಾರಾಟಕ್ಕಿದೆ, ಕುವೆಂಪುನಗರದ ಯಾವ ಬೀದಿಯಲ್ಲಿ ಬೇಸಗೆಯಲ್ಲಿ ನೀರಿಗೆ ತೊಂದರೆ ಎಂಬುದು ಹೇಗೆ ತಿಳಿಯಬೇಕು? ಎಷ್ಟೋ ಮನೆಗಳು ಫಲಕವೂ ಇಲ್ಲದೆ, ಜಾಹೀರಾತೂ ಇಲ್ಲದೆ, ಬಾಯಿಮಾತಿನಲ್ಲೇ ಕೈಬದಲಾಗುತ್ತವೆ. ಅಂಥಲ್ಲಿ ಒಳ್ಳೆಯ ದಲ್ಲಾಳಿ ಹತ್ತು ಭಾನುವಾರಗಳ ಅಲೆದಾಟವನ್ನು ಉಳಿಸಬಲ್ಲ. ಅದೇ ನೀವು ಇಪ್ಪತ್ತು ವರ್ಷ ಬಾಳಿದ ಬಡಾವಣೆಯಲ್ಲಿ ಪಕ್ಕದ ಮನೆಯವರೇ ಮಾರುತ್ತಿದ್ದರೆ, ನಡುವೆ ಇನ್ನೊಬ್ಬರನ್ನು ಕೂಡಿಸಿಕೊಂಡು ತರಗು ತೆರುವುದಕ್ಕೆ ಕಾರಣವೇ ಇಲ್ಲ.

ಇನ್ನು ಹಣದ ಮಾತು. ಬೆಂಗಳೂರು, ಮೈಸೂರುಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಎರಡು ರೂಪಾಯಿ ಕೇಳುವ ವಾಡಿಕೆ. ಅನೇಕರು ಕೊಳ್ಳುವವರಿಂದಲೂ ಮಾರುವವರಿಂದಲೂ ಪಡೆಯುತ್ತಾರೆ. ಬೆಲೆ ಏರಿದಷ್ಟೂ ದಲ್ಲಾಳಿಗೆ ಲಾಭ, ಆದುದರಿಂದ ಅವನು ಬೆಲೆ ಏರಿಸಿಯೇ ತೀರುವನು ಎಂಬುದು ನಮ್ಮವರ ಸಂದೇಹ. ಲೆಕ್ಕ ಹಾಕಿ ನೋಡೋಣ. 60 ಲಕ್ಷದ ಮನೆಗೆ ನೂರಕ್ಕೆ ಎರಡರಂತೆ ನಿಮ್ಮಿಂದ ಅವನಿಗೆ ಬರುವುದು 1,20,000 ರೂಪಾಯಿ. ಮಾತುಕತೆಯಲ್ಲಿ ಬೆಲೆ ಮೂರು ಲಕ್ಷ ಇಳಿದರೆ ನಿಮಗೆ ಉಳಿಯುವುದು ಮೂರು ಲಕ್ಷ. ಅವನಿಗೆ ನಿಮ್ಮ ಕಡೆಯಿಂದ ಕಡಮೆಯಾಗುವುದು ಆರು ಸಾವಿರ ಮಾತ್ರ. ವ್ಯವಹಾರವೇ ಮುರಿದುಬಿದ್ದರೆ ಪೂರ್ತಿ 1,20,000 ಹೋಯಿತು! ಹಾಗಾಗಿ ಅವನಿಗೆ ಬೆಲೆ ಇಳಿಯುವುದರ ಭಯಕ್ಕಿಂತ ವ್ಯಾಪಾರ ತಪ್ಪುವುದರ ಭಯ ದೊಡ್ಡದು. ಈ ಕಾರಣದಿಂದಲೇ ಹಟಮಾರಿ ಮಾರಾಟಗಾರನನ್ನು ಒಪ್ಪಿಸಿ ಬೆಲೆ ತಗ್ಗಿಸುವುದರಲ್ಲಿ ಅವನು ನೆರವಾಗುವುದುಂಟು. ಅದೇ ಕಾರಣದಿಂದ, ವ್ಯಾಪಾರವನ್ನು ತಡೆಯಬಲ್ಲ ದೋಷವೊಂದು ಪತ್ರಗಳಲ್ಲಿದ್ದರೆ ಅದು ಅವನ ಕಣ್ಣಿಗೆ ಬೀಳುವುದು ನಿಧಾನ.

ನನಗೆ ತಿಳಿದ ನಿವೃತ್ತ ಉಪಾಧ್ಯಾಯರೊಬ್ಬರು ಕೈಗೆ ಬಂದ ಗ್ರಾಚ್ಯುಯಿಟಿ ಹಣವನ್ನೆಲ್ಲ ಕೂಡಿಸಿ ಒಂದು ಮನೆಗೆ ಮುಂಗಡ ಕೊಡಲು ಸಿದ್ಧರಾದರು. ಮಾರುವವರು ಅಣ್ಣತಮ್ಮಂದಿರಿಬ್ಬರು, ಆಸ್ತಿ ಪಿತ್ರಾರ್ಜಿತ. "ಪತ್ರವೆಲ್ಲ ಕ್ಲಿಯರ್ ಇದೆ ಮೇಷ್ಟ್ರೇ, ನಾನಿದ್ದೇನಲ್ಲ" ಎಂದ ದಲ್ಲಾಳಿ. ವಕೀಲರು ವಂಶವೃಕ್ಷ ತರಿಸಿ ನೋಡಿದಾಗ ಮದುವೆಯಾಗಿ ಬೇರೆ ಊರಿನಲ್ಲಿದ್ದ ತಂಗಿಯೊಬ್ಬಳಿರುವುದು ತಿಳಿಯಿತು. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕು. ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಅವಳ ರುಜುವಿಲ್ಲದ ಕ್ರಯಪತ್ರವನ್ನು ಹಿಡಿದು ಆ ವೃದ್ಧರು ಮುಂದೆ ಎಷ್ಟು ವರ್ಷ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತಿತ್ತೋ! ಕಡೆಗೆ ಆ ಹೆಣ್ಣುಮಗಳನ್ನು ಕಂಡು, ಮಾತನಾಡಿ, ರುಜುವಿಗೆ ಕರೆತಂದವನು ಅದೇ ದಲ್ಲಾಳಿಯೇ ಎಂಬುದನ್ನೂ ಹೇಳಬೇಕು. ಓಡಾಟದ ಕೆಲಸ ಅವನದು, ಚೆನ್ನಾಗಿ ಮಾಡಿದ.

ಪತ್ರಗಳ ಪರೀಕ್ಷೆಗೆ ನಿಮ್ಮವರೇ ಆದ ವಕೀಲರು ಬೇಕು. ದಲ್ಲಾಳಿಯೇ ಗೊತ್ತುಮಾಡಿಕೊಟ್ಟ ವಕೀಲರು ಬೇಡ. ಜನರು 'ಇ.ಸಿ.' ಎನ್ನುವ ಋಣಭಾರ ಪತ್ರವನ್ನು ಈಗ ನೋಂದಣಿ ಇಲಾಖೆಯ ಕಾವೇರಿ ವ್ಯವಸ್ಥೆಯಲ್ಲಿ ಮನೆಯಿಂದಲೇ ಪಡೆಯಬಹುದು. ಆದರೆ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಮೇಲೆ ಹೇಳಿದ ತಂಗಿಯ ಹಕ್ಕು ಅದರಲ್ಲಿ ಕಾಣಿಸದು. ಖಾತೆ ಎಂಬುದು ಕಂದಾಯದ ಲೆಕ್ಕಕ್ಕಾಗಿ ಇರುವುದು; ಒಡೆತನಕ್ಕೆ ಅದೊಂದೇ ಆಧಾರವಾಗದು. 'ಜಿ.ಪಿ.ಎ. ಮೇಲೆ ಕೊಡುತ್ತೇವೆ, ಖರ್ಚು ಕಡಮೆ' ಎಂಬ ಮಾತಿಗಂತೂ ಕಿವಿಗೊಡಲೇಬಾರದು. ಅಂಥ ಮಾರಾಟದಿಂದ ಒಡೆತನ ಬಾರದೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ತೀರ್ಪಿತ್ತಿದೆ.

ದಲ್ಲಾಳಿಗಳಿಗೂ ಈಗ ಕಾನೂನಿನ ಕಟ್ಟುಂಟು. 2016ರ ರಿಯಲ್ ಎಸ್ಟೇಟ್ ಕಾಯಿದೆ, ಜನರ ಬಾಯಲ್ಲಿ 'ರೇರಾ', ಇದರ ಪ್ರಕಾರ ನೋಂದಣಿಯಾಗಬೇಕಾದ ಹೊಸ ಬಡಾವಣೆ, ಅಪಾರ್ಟ್‌ಮೆಂಟುಗಳ ಮಾರಾಟದಲ್ಲಿ ನಡುವೆ ನಿಲ್ಲುವವನು ತಾನೂ ನೋಂದಣಿ ಮಾಡಿಸಿಕೊಂಡಿರಬೇಕು. ನೋಂದಣಿಯಾಗದ ಯೋಜನೆಯನ್ನು ಅವನು ಮಾರಿಸಕೂಡದು. ಅವನ ನೋಂದಣಿ ಸಂಖ್ಯೆಯನ್ನು ಕೇಳಿ, ರೇರಾ ಜಾಲತಾಣದಲ್ಲಿ ತಾಳೆ ನೋಡುವುದು ಐದು ನಿಮಿಷದ ಕೆಲಸ. ಆದರೆ ಒಬ್ಬ ಗೃಹಸ್ಥನು ಇನ್ನೊಬ್ಬನಿಗೆ ಮಾರುವ ಹಳೆಯ ಮನೆಗೆ ಸಾಮಾನ್ಯವಾಗಿ ಈ ರಕ್ಷಣೆ ಒದಗುವುದಿಲ್ಲ. ಅಲ್ಲಿ ಉಳಿಯುವುದು 1872ರ ಕರಾರು ಕಾಯಿದೆ. ಆ ಮುದಿ ಕಾಯಿದೆ ಜಾಣತನದ್ದು: ನಿಮಗಾಗಿ ಮನೆ ಕೊಳ್ಳಲು ಗೊತ್ತಾದ ಏಜೆಂಟನು 'ಅದು ಸಿಕ್ಕಲಿಲ್ಲ' ಎಂದು ಹೇಳಿ ತಾನೇ ಕೊಂಡುಬಿಟ್ಟರೆ, ಅವನು ಕೊಟ್ಟ ಬೆಲೆಗೇ ಅದನ್ನು ನಿಮಗೆ ಬಿಟ್ಟುಕೊಡುವಂತೆ ನೀವು ಒತ್ತಾಯಿಸಬಹುದು. ಆದರೆ ಅವನು ನಿಮ್ಮ ಏಜೆಂಟನೆಂಬುದಕ್ಕೆ ಸಾಕ್ಷಿ ಬೇಕಲ್ಲ!

ಆದುದರಿಂದ ಮೊದಲ ಮನೆ ನೋಡುವ ಮುನ್ನವೇ ಒಂದು ಹಾಳೆಯಲ್ಲಿ ಬರೆಯಿಸಿಕೊಳ್ಳಿರಿ: ತರಗು ಎಷ್ಟು, ಮಾರುವವರಿಂದಲೂ ಪಡೆಯುವನೇ, ಕ್ರಯಪತ್ರ ನೋಂದಣಿಯಾದ ದಿನ ಕೊಡುವುದೋ ಮುಂಗಡದ ದಿನವೋ. ನೋಂದಣಿಯ ದಿನವೆಂದೇ ಹಟ ಹಿಡಿಯಿರಿ. ಖಾತೆ ಬದಲಾವಣೆಯ ಓಡಾಟವೂ ಅದರಲ್ಲೇ ಸೇರಿದೆಯೆಂದು ಬರೆಯಿಸಿದರೆ ಇನ್ನೂ ಒಳ್ಳೆಯದು. ಮುಂಗಡದ ಹಣ ಮಾತ್ರ ಬ್ಯಾಂಕಿನ ಮೂಲಕ, ಮಾರುವವರ ಹೆಸರಿಗೇ ಹೋಗಲಿ. ದಲ್ಲಾಳಿಯ ಕೈಗೆ ಬೇಡ.